ಸಿನಿಮಾದ ಸೂಟ್‌ಕೇಸು, ಹಮೀದನ ಮೂರು ಪೈಸೆ

ಕ್ಯಾಶ್ ಕೌಂಟರ್: ಓದುಗರ ಪ್ರಶ್ನೆ, ಕ್ಯಾಶಿಯರ್ ಮಾವನ ಉತ್ತರ

ಈ ಸಲ ಸಂಪಾದಕರು ವಿಷಯವನ್ನು ಮೊದಲೇ ಹೇಳಿಬಿಟ್ಟಿದ್ದರು: ಕಥೆ, ಸಿನಿಮಾ, ಆಟಗಳಲ್ಲಿ ಬರುವ ರೂಪಾಯಿ. ಸಾಮಾನ್ಯವಾಗಿ ನನಗೆ ಬರುವುದು ಹರಿದ ನೋಟು, ನಾಮಿನಿ, ಕೆವೈಸಿ ಇಂಥ ಪ್ರಶ್ನೆಗಳು. ಮೂವತ್ತಾರು ವರ್ಷ ಗಾಜಿನ ಹಿಂದೆ ಕೂತು ನೋಟು ಎಣಿಸಿದವನಿಗೆ ಕಥೆಯ ವಿಷಯ ಏನು ಗೊತ್ತು ಅಂತ ಮನೆಯವಳೇ ಕೇಳಿದಳು. ಜಾಸ್ತಿ ಗೊತ್ತಿಲ್ಲ. ಆದರೆ ನನಗೊಂದು ಚಟ ಇದೆ. ಸಿನಿಮಾದಲ್ಲಿ ದುಡ್ಡು ಕಂಡರೆ ಎಣಿಸುತ್ತೇನೆ. ಕಾದಂಬರಿಯಲ್ಲಿ ದುಡ್ಡು ಬಂದರೆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಲೆಕ್ಕ ಬರೆಯುತ್ತೇನೆ. ಸಂಜೆ ಕ್ಯಾಶ್ ಟ್ಯಾಲಿ ಆಗದೆ ಎದ್ದು ಅಭ್ಯಾಸವಿಲ್ಲದವನ ಚಟ ಅದು.

ಪ್ರಶ್ನೆ: ಮಾವ, ಹಳೇ ಸಿನಿಮಾಗಳಲ್ಲಿ ವಿಲನ್ ಒಂದು ಕೋಟಿ ರೂಪಾಯಿಯ ಸೂಟ್‌ಕೇಸನ್ನು ಒಂದೇ ಕೈಯಲ್ಲಿ ಎತ್ತಿ ಕೊಡುತ್ತಾನೆ. ಅದು ಆಗುವಂಥದ್ದಾ?
– ಓದುಗರು, ಪೆರ್ಲ

ಯಾವ ವರ್ಷದ ಸಿನಿಮಾ ಅಂತ ನೀವು ಬರೆದಿಲ್ಲ. ಉತ್ತರ ನಿಂತಿರುವುದೇ ಅದರ ಮೇಲೆ. 1976ರದ್ದಾದರೆ ಆಗುತ್ತದೆ. ಆಗ ಸಾವಿರದ ನೋಟಿತ್ತು. ಐದು ಸಾವಿರ, ಹತ್ತು ಸಾವಿರದ ನೋಟುಗಳೂ ಇದ್ದವು. ನಮ್ಮಂಥವರು ಕಣ್ಣಲ್ಲಿ ಕಂಡಿರಲಿಲ್ಲ, ಅಷ್ಟೇ. ಸಾವಿರದ ನೋಟಿನಲ್ಲಿ ಒಂದು ಕೋಟಿ ಎಂದರೆ ಹತ್ತು ಸಾವಿರ ನೋಟು. ಒಂದು ನೋಟಿಗೆ ಅಂದಾಜು ಒಂದು ಗ್ರಾಂ ಹಿಡಿದರೆ ಹತ್ತು ಕಿಲೋ. ಗಟ್ಟಿ ಆಳು ಒಂದು ಕೈಯಲ್ಲಿ ಎತ್ತುತ್ತಾನೆ.

1978ರ ಜನವರಿಯಲ್ಲಿ ಆ ಮೂರೂ ನೋಟುಗಳು ರದ್ದಾದವು. ಐನೂರರ ನೋಟು ಬಂದದ್ದು 1987ರಲ್ಲಿ. ನಡುವಿನ ಒಂಬತ್ತು ವರ್ಷ ನಮ್ಮ ದೇಶದ ಅತಿ ದೊಡ್ಡ ನೋಟು ನೂರರದ್ದು. ಈಗ ಲೆಕ್ಕ ಹಾಕಿ. ನೂರರ ನೋಟಿನಲ್ಲಿ ಒಂದು ಕೋಟಿ ಎಂದರೆ ಒಂದು ಲಕ್ಷ ನೋಟು. ನೂರು ನೋಟಿಗೆ ಒಂದು ಪ್ಯಾಕೆಟ್, ಹತ್ತು ಪ್ಯಾಕೆಟ್‌ಗೆ ಒಂದು ಬಂಡಲ್, ಅಂಥ ನೂರು ಬಂಡಲ್. ತೂಕ ನೂರು ಕಿಲೋಕ್ಕೆ ಕಮ್ಮಿ ಇಲ್ಲ. ಕರೆನ್ಸಿ ಚೆಸ್ಟ್‌ನಿಂದ, ಅಂದರೆ ರಿಸರ್ವ್ ಬ್ಯಾಂಕಿನ ನೋಟು ದಾಸ್ತಾನಿಡುವ ಜಾಗದಿಂದ, ನಮ್ಮ ಶಾಖೆಗೆ ಕ್ಯಾಶ್ ತರುವಾಗ ಅದರ ಕಾಲು ಭಾಗವೂ ಇರುತ್ತಿರಲಿಲ್ಲ. ಆದರೂ ಕಬ್ಬಿಣದ ಟ್ರಂಕನ್ನು ಜೀಪಿನಿಂದ ಇಳಿಸಲು ಇಬ್ಬರು ಬೇಕಿತ್ತು. 1980ರ ವಿಲನ್ ಮಾತ್ರ ಒಂದು ಕೋಟಿಯನ್ನು ಸ್ಟೈಲಾಗಿ ಬೆರಳಲ್ಲಿ ತೂಗಾಡಿಸುತ್ತಾನೆ!

2000ದಲ್ಲಿ ಸಾವಿರದ ನೋಟು ಮತ್ತೆ ಬಂದಿತು. ಸಿನಿಮಾದವರ ಲೆಕ್ಕವೂ ತನ್ನಿಂದ ತಾನೇ ಸರಿಯಾಯಿತು. 2016ರ ಎರಡು ಸಾವಿರದ ನೋಟಿನಲ್ಲಿ ಕೋಟಿ ರೂಪಾಯಿ ಶಾಲೆಯ ಬ್ಯಾಗಿನಲ್ಲಿ ಹಿಡಿಯುತ್ತಿತ್ತು. 2023ರಲ್ಲಿ ಅದನ್ನೂ ವಾಪಸ್ ತೆಗೆದುಕೊಂಡರು. ಈಗ ಐನೂರರಲ್ಲಿ ಇಪ್ಪತ್ತು ಸಾವಿರ ನೋಟು, ಇಪ್ಪತ್ತು ಕಿಲೋದ ಮೇಲೆ. ಚಕ್ರ ಇರುವ ಸೂಟ್‌ಕೇಸು ಕೊಡಿಸಿ ವಿಲನ್‌ಗೆ.

ಪ್ರಶ್ನೆ: ನಮ್ಮ ಟೀಚರ್ ಪ್ರೇಮಚಂದರ 'ಈದ್ಗಾಹ್' ಕಥೆ ಹೇಳಿದರು. ಹಮೀದನ ಹತ್ತಿರ ಮೂರು ಪೈಸೆ ಇರುತ್ತದೆ. ಈಗಿನ ಲೆಕ್ಕದಲ್ಲಿ ಅದು ಎಷ್ಟು ರೂಪಾಯಿ?
– 9ನೇ ತರಗತಿ ವಿದ್ಯಾರ್ಥಿನಿ, ನೀರ್ಚಾಲು

ಮಗಳೇ, ನೀನು ಕೇಳಿದ ಹಾಗೆ ಲೆಕ್ಕ ಹಾಕಿದರೆ ಹಮೀದನಿಗೆ ಅನ್ಯಾಯವಾಗುತ್ತದೆ. ಹೇಗೆ ಅಂತ ನೋಡು.

ಆಗ ಒಂದು ರೂಪಾಯಿಗೆ ನೂರು ಪೈಸೆ ಅಲ್ಲ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ, ಒಟ್ಟು ಅರವತ್ತನಾಲ್ಕು ಪೈಸೆ. ನಾವು ಈಗಲೂ 'ಹದಿನಾರಾಣೆ ಸತ್ಯ' ಅನ್ನುವುದು ಅದಕ್ಕೇ. ಪೂರ್ತಿ ಒಂದು ರೂಪಾಯಿಯಷ್ಟು ಸತ್ಯ ಅಂತ. 1957ರ ಏಪ್ರಿಲ್ 1ಕ್ಕೆ ದಶಮಾಂಶ ಪದ್ಧತಿ ಬಂದು ರೂಪಾಯಿಗೆ ನೂರು 'ನಯಾ ಪೈಸೆ' ಆಯಿತು. ಹಮೀದನ ಮೂರು ಪೈಸೆ ಹೊಸ ಲೆಕ್ಕದಲ್ಲಿ ಸುಮಾರು ಐದು ಪೈಸೆ. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋದವು. ಅಂದರೆ ಇವತ್ತಿಗೆ ಹಮೀದನ ಕೈ ಖಾಲಿ!

ಅದರ ಬದಲು ಕಥೆಯೊಳಗಿನ ಲೆಕ್ಕ ನೋಡು. ಅಜ್ಜಿ ಅಮೀನಾಳ ಹತ್ತಿರ ಹಬ್ಬದ ದಿನ ಉಳಿದದ್ದು ಬರೀ ಎರಡು ಆಣೆ. ಹಮೀದನ ಕಿಸೆಗೆ ಮೂರು ಪೈಸೆ, ಅವಳ ಚೀಲದಲ್ಲಿ ಐದು ಪೈಸೆ. ಮೂರೂ ಐದೂ ಎಂಟು. ಎಂಟು ಪೈಸೆ ಅಂದರೆ ಸರಿಯಾಗಿ ಎರಡು ಆಣೆ. ಟ್ಯಾಲಿ! ಆ ಸಾಲು ಓದಿದಾಗ ನನಗೆ ಎದ್ದು ನಿಂತು ಕೈ ಮುಗಿಯುವ ಹಾಗಾಯಿತು. ಮನೆಯಲ್ಲಿದ್ದ ಹಣದಲ್ಲಿ ಹತ್ತಿರ ಹತ್ತಿರ ಅರ್ಧವನ್ನು ಅವಳು ಮಗುವಿಗೆ ಕೊಟ್ಟಿದ್ದಾಳೆ. ಜಾತ್ರೆಯಲ್ಲಿ ಆಟಿಕೆಗೆ ಎರಡು ಪೈಸೆ. ಇಕ್ಕಳದವನು ಮೊದಲು ಆರು ಹೇಳುತ್ತಾನೆ, ಆಮೇಲೆ ಐದಕ್ಕೆ ಇಳಿಯುತ್ತಾನೆ, ಕೊನೆಗೆ ಮೂರಕ್ಕೆ ಕೊಡುತ್ತಾನೆ. ಈಗ ಹೇಳು, ಮೂರು ಪೈಸೆ ಎಷ್ಟು? ಒಂದೂವರೆ ಆಟಿಕೆ. ಇಲ್ಲಾ, ರೊಟ್ಟಿ ಬೇಯಿಸುವಾಗ ಅಜ್ಜಿಯ ಬೆರಳು ಸುಡದ ಹಾಗೆ ಒಂದು ಇಕ್ಕಳ. ನಿನ್ನ ಟೀಚರಿಗೂ ಈ ಲೆಕ್ಕ ತೋರಿಸು.

ನನ್ನದೂ ಒಂದು ಜಾತ್ರೆಯ ಲೆಕ್ಕ ಉಂಟು. 1963, ಕುಂಬಳೆ ಬೆಡಿ, ಅಂದರೆ ಜಾತ್ರೆಯ ಸಿಡಿಮದ್ದು. ನನಗೆ ಒಂಬತ್ತು ವರ್ಷ. ಅಪ್ಪ ಇಪ್ಪತ್ತೈದು ಪೈಸೆಯ ಒಂದು ನಾಣ್ಯ ಕೊಟ್ಟಿದ್ದರು. ಹೊಸ ಪೈಸೆ ಬಂದು ಆರು ವರ್ಷವಾದರೂ ಅಂಗಡಿಯವರ ಬಾಯಲ್ಲಿ ಇನ್ನೂ ಆಣೆಯೇ. ನಾಲ್ಕಾಣೆ ಅಂದರೆ ಇಪ್ಪತ್ತೈದು ಪೈಸೆ. ಆದರೆ ಒಂದಾಣೆ ಅಂದರೆ ಆರು ಪೈಸೆ, ಯಾಕಂದರೆ ಆರೂಕಾಲು ಕೊಡಲು ಆಗುವುದಿಲ್ಲವಲ್ಲ. ನಮ್ಮ ಅಣ್ಣ ಇದರಲ್ಲಿ ಒಂದು ಉಪಾಯ ಕಂಡುಹಿಡಿದಿದ್ದ. ನಾಲ್ಕಾಣೆಯ ಸಾಮಾನು ಒಟ್ಟಿಗೆ ತಗೊಳ್ಳಬೇಡ, ಒಂದಾಣೆಯದ್ದು ನಾಲ್ಕು ಸಲ ತಗೋ, ಒಂದು ಪೈಸೆ ಉಳಿಯುತ್ತದೆ ಅಂದ. ಹಾಗೇ ಮಾಡಿದೆ. ಚರುಮುರಿ, ಬತ್ತಾಸು, ಪೀಪಿ, ತಂಗಿಗೆ ಬಳೆ. ಉಳಿದ ಪುಟ್ಟ ಪೈಸೆಯನ್ನು ಚಡ್ಡಿಯ ಕಿಸೆಗೆ ಹಾಕಿದೆ. ಮನೆಗೆ ಬಂದು ನೋಡಿದರೆ ಕಿಸೆ ತೂತು.

ಅಜ್ಜಿಯ ಹತ್ತಿರ ಯುದ್ಧದ ಕಾಲದ ಓಟೆ ಮುಕ್ಕಾಲುಗಳಿದ್ದವು. 1943ರಿಂದ ತಾಮ್ರ ಉಳಿಸಲು ನಡುವೆ ತೂತು ಕೊರೆದು ಅಚ್ಚು ಹಾಕಿದ ಪೈಸೆ. ಅವನ್ನು ದಾರಕ್ಕೆ ಪೋಣಿಸಿ ಇಟ್ಟಿದ್ದರು. ನಾನು ಅಳುವುದನ್ನು ನೋಡಿ, "ಅದಕ್ಕೇ ಮಗಾ, ತೂತು ಪೈಸೆಗೆ ಇರಬೇಕು, ಕಿಸೆಗಲ್ಲ" ಅಂದರು.

ಪ್ರಶ್ನೆ: ತೆನಾಲಿ ರಾಮನ ಕಥೆಗಳಲ್ಲಿ ರಾಜ ಯಾವಾಗಲೂ ಸಾವಿರ ವರಹ ಕೊಡುತ್ತಾನೆ. ವರಹ ಅಂದರೆ ಎಷ್ಟು?
– ಓದುಗರು, ಬದಿಯಡ್ಕ

ವರಹ ಚಿನ್ನದ ನಾಣ್ಯ. ವರಹ ಎಂದರೆ ಹಂದಿ, ಚಾಲುಕ್ಯರ ಲಾಂಛನ. ನಾಣ್ಯಕ್ಕೆ ಆ ಹೆಸರು ಅಂಟಿಕೊಂಡು, ಮುಂದೆ ಹಂದಿಯ ಚಿತ್ರ ಇಲ್ಲದ ನಾಣ್ಯಕ್ಕೂ ಉಳಿಯಿತು. ಕೃಷ್ಣದೇವರಾಯನ ವರಹದ ಮೇಲೆ ಇರುವುದು ಕೂತ ಬಾಲಕೃಷ್ಣ. ತೂಕ ಸುಮಾರು 3.4 ಗ್ರಾಂ. ಸಾವಿರ ವರಹ ಎಂದರೆ ಮೂರೂವರೆ ಕಿಲೋಕ್ಕೆ ಸ್ವಲ್ಪ ಕಮ್ಮಿ. ಹೆಗಲ ಚೀಲದಲ್ಲಿ ಹಾಕಿಕೊಂಡು ನಡೆದು ಹೋಗಬಹುದು. 1980ರ ವಿಲನ್‌ಗಿಂತ ತೆನಾಲಿ ರಾಮನ ಲೆಕ್ಕ ಸರಿ ಇದೆ ನೋಡಿ.

ನಮ್ಮ ಮಾತಿನಲ್ಲಿ ಇರುವುದೆಲ್ಲ ಹಳೇ ನಾಣ್ಯಗಳೇ. ಹಣ ಒಂದು ನಾಣ್ಯ, ಕಾಸು ಒಂದು ನಾಣ್ಯ, ದುಡ್ಡು ಒಂದು ನಾಣ್ಯ. ನಾಣ್ಯ ಹೋಯಿತು, ಹೆಸರು ಉಳಿಯಿತು. 1966ರಲ್ಲಿ 'ದುಡ್ಡೇ ದೊಡ್ಡಪ್ಪ' ಅಂತಲೂ 1971ರಲ್ಲಿ 'ಕಾಸಿದ್ರೆ ಕೈಲಾಸ' ಅಂತಲೂ ಸಿನಿಮಾ ಬಂದವು. 'ರೂಪಾಯಿದ್ರೆ ಕೈಲಾಸ' ಅಂದಿದ್ದರೆ ಯಾರು ಟಿಕೆಟ್ ತಗೊಳ್ತಿದ್ದರು? ಗಾದೆಯ ಬಾಯಿಗೆ ರೂಪಾಯಿ ಇನ್ನೂ ಹೊಸಬ.

ಪ್ರಶ್ನೆ: ನಾನು ಒಂದು ಕಥೆ ಬರೆಯುತ್ತಿದ್ದೇನೆ. 1962ರಲ್ಲಿ ದುಬೈಯಲ್ಲಿದ್ದ ನನ್ನ ಅಜ್ಜ ಊರಿಗೆ ಬರೆದ ಕಾಗದದಲ್ಲಿ ಸಂಬಳವನ್ನು ರೂಪಾಯಿಯಲ್ಲಿ ಹೇಳಿದ್ದಾರೆ. ಅದನ್ನು ದಿರ್ಹಮ್ ಅಂತ ತಿದ್ದಬೇಕಾ?
– ಓದುಗರು, ಉಪ್ಪಳ

ದಯವಿಟ್ಟು ತಿದ್ದಬೇಡಿ! ಅಜ್ಜ ಸರಿಯಾಗಿಯೇ ಬರೆದಿದ್ದಾರೆ. 1962ರಲ್ಲಿ ದಿರ್ಹಮ್ ಎಲ್ಲಿತ್ತು? ಯುಎಇಯ ದಿರ್ಹಮ್ ಹುಟ್ಟಿದ್ದು 1973ರಲ್ಲಿ. ಅದಕ್ಕೂ ಮೊದಲು ಕೊಲ್ಲಿಯ ಊರುಗಳಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿಯೇ. ಅಲ್ಲಿನ ವ್ಯಾಪಾರಿಗಳು ರೂಪಾಯಿ ತಂದು ಇಲ್ಲಿ ಕೊಟ್ಟರೆ ರಿಸರ್ವ್ ಬ್ಯಾಂಕ್ ಅದಕ್ಕೆ ಪೌಂಡ್ ಕೊಡಬೇಕಿತ್ತು. ಚಿನ್ನದ ಕಳ್ಳಸಾಗಣೆಗೆ ಇದು ಸುಲಭದ ದಾರಿಯಾಯಿತು. ಚಿನ್ನ ಈಚೆ, ರೂಪಾಯಿ ಆಚೆ. ಹಾಗಾಗಿ 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ನೋಟು ಮಾಡಿತು. ಜನ ಅದನ್ನು ಗಲ್ಫ್ ರೂಪಾಯಿ ಎಂದರು. ಬೆಲೆ ಒಂದೇ. ಬಣ್ಣ ಬೇರೆ, ಸಂಖ್ಯೆಯ ಮುಂದೆ ಝಡ್ ಅಕ್ಷರ. ಭಾರತದ ಒಳಗೆ ಚಲಾವಣೆ ಇಲ್ಲ.

ನಿಮ್ಮ ಕಥೆಗೆ ಮುಖ್ಯವಾದದ್ದು ಈ ಕೊನೆಯ ಮಾತು. ಅಜ್ಜ 1962ರಲ್ಲಿ ಊರಿಗೆ ಬಂದು, ಉಪ್ಪಳದ ಅಂಗಡಿಯಲ್ಲಿ ಕಿಸೆಯಿಂದ ದುಬೈಯ ಹತ್ತು ರೂಪಾಯಿ ತೆಗೆದು ಜವುಳಿ ತಗೊಂಡರು ಅಂತ ಬರೆದರೆ ತಪ್ಪು. ಅಂಗಡಿಯವನು ಆ ನೋಟನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟ ಅಂತ ಬರೆಯಿರಿ. ಒಳ್ಳೆ ದೃಶ್ಯ ಆಗುತ್ತದೆ. ಅದೇ ರೂಪಾಯಿ, ಅದೇ ರಿಸರ್ವ್ ಬ್ಯಾಂಕು, ಆದರೆ ಸ್ವಂತ ಊರಿನಲ್ಲಿ ನಡೆಯುವುದಿಲ್ಲ.

ಕುವೈತ್ 1961ರಲ್ಲೇ ತನ್ನ ದಿನಾರ್ ಮಾಡಿಕೊಂಡಿತು, ಬಹರೈನ್ 1965ರಲ್ಲಿ. 1966ರ ಜೂನ್ 6ಕ್ಕೆ ನಮ್ಮ ಸರಕಾರ ರೂಪಾಯಿಯ ಬೆಲೆ ಇಳಿಸಿತು. ಡಾಲರಿಗೆ 4.76 ಇದ್ದದ್ದು 7.50 ಆಯಿತು. ಅದರ ನಂತರ ದುಬೈ, ಕತಾರ್‌ನವರೂ ರೂಪಾಯಿ ಬಿಟ್ಟರು. ಅಜ್ಜನ ಕಾಗದಗಳು ಆ ವರ್ಷದವರೆಗೂ ಇದ್ದರೆ ಚೆನ್ನಾಗಿ ಓದಿ. ಜೂನ್ ತಿಂಗಳಲ್ಲಿ ಅವರು ದುಡ್ಡಿನ ಬಗ್ಗೆ ಏನಾದರೂ ಗೊಣಗಿರಲೇಬೇಕು. ನಮ್ಮ ಕಡೆಯ ಗಲ್ಫ್ ಕಥೆಗಳಲ್ಲಿ ಅತ್ತರು, ಟೇಪ್ ರೆಕಾರ್ಡರ್ ಬೇಕಾದಷ್ಟು ಬಂದಿವೆ. ಈ ನೋಟು ಬಂದದ್ದನ್ನು ನಾನಂತೂ ಓದಿಲ್ಲ. ನೀವೇ ಬರೆಯಿರಿ.

ಪ್ರಶ್ನೆ: ಸಿನಿಮಾಗಳಲ್ಲಿ ರೂಪಾಯಿಯ ಚಿಹ್ನೆ ತಪ್ಪಾಗಿ ಬರುವುದನ್ನು ಗಮನಿಸಿದ್ದೀರಾ?
– ಓದುಗರು, ಮಂಜೇಶ್ವರ

ಗಮನಿಸಿದ್ದೇನೆ. ಅಡ್ಡಗೆರೆಯ ಆ ಚಿಹ್ನೆ ಒಪ್ಪಿಗೆಯಾದದ್ದು 2010ರ ಜುಲೈ 15ಕ್ಕೆ. ಡಿ. ಉದಯ ಕುಮಾರ್ ರೂಪಿಸಿದ್ದು. 1995ರ ಕಥೆಯಲ್ಲಿ ಹೋಟೆಲಿನ ಬೋರ್ಡಿನ ಮೇಲೆ ಅದು ಕಂಡರೆ ನಾನು ಟಿವಿ ಆಫ್ ಮಾಡುವುದಿಲ್ಲ, ಆದರೆ ಮನೆಯವಳಿಗೆ ಹೇಳದೆ ಬಿಡುವುದೂ ಇಲ್ಲ.

ಪ್ರಶ್ನೆ: ಯಕ್ಷಗಾನದಲ್ಲಿ ಹಾಸ್ಯಗಾರರು ದ್ವಾಪರಯುಗದಲ್ಲಿ ನಿಂತು ಐನೂರರ ನೋಟು ಅನ್ನುತ್ತಾರೆ. ಇದು ಸರಿಯಾ?
– ಓದುಗರು, ಮುಳ್ಳೇರಿಯ

ಸರಿ ಅಂತಲೇ ನನ್ನ ಪಕ್ಷ. ಯಾರ ಬಾಯಲ್ಲಿ ಯಾವ ದುಡ್ಡು ಬರುತ್ತದೆ ಅಂತ ಗಮನಿಸಿ. ರಾಜವೇಷದ ಬಾಯಲ್ಲಿ 'ರೂಪಾಯಿ' ಬರುವುದಿಲ್ಲ. ಅವನದ್ದು ಹೊನ್ನು, ಧನಕನಕ. ಅದೇ ರಂಗದಲ್ಲಿ ದೂತನೋ ಬ್ರಾಹ್ಮಣನೋ ಬಂದು ರೂಪಾಯಿ ಅಂದ ಕೂಡಲೇ ನಿದ್ದೆ ತೂಗುವವನೂ ಕಣ್ಣು ಬಿಡುತ್ತಾನೆ. ಹೊನ್ನು ಕಥೆಯದ್ದು, ರೂಪಾಯಿ ನಮ್ಮದು. 2016ರ ನವೆಂಬರ್ 8ರ ನೋಟು ರದ್ದತಿಯ ಘೋಷಣೆ ಆಗಿ ಎರಡು ವಾರಕ್ಕೆ ನಾನು ಒಂದು ಬಯಲಾಟಕ್ಕೆ ಹೋಗಿದ್ದೆ. ರಾಜ ಸಾವಿರ ಹೊನ್ನು ಕೊಡುತ್ತೇನೆ ಎಂದ. ಹಾಸ್ಯಗಾರ ಎರಡು ಹೆಜ್ಜೆ ಹಿಂದೆ ಹೋಗಿ, "ಹೊಸದೋ ಹಳತೋ ಸ್ವಾಮೀ?" ಎಂದು ಕೇಳಿದ. ಗದ್ದೆಯೇ ನಕ್ಕಿತು. ಭಾಗವತರಿಗೆ ಮುಂದಿನ ಪದ ಎತ್ತಲು ಸ್ವಲ್ಪ ಹೊತ್ತು ಬೇಕಾಯಿತು. ನಿವೃತ್ತನಾಗಿ ಎರಡು ವರ್ಷವಾಗಿತ್ತು, ಇಲ್ಲದಿದ್ದರೆ ಆ ದಿನಗಳಲ್ಲಿ ನನಗೆ ನಗು ಬರುತ್ತಿರಲಿಲ್ಲ.

ಪ್ರಶ್ನೆ: ಮಲಯಾಳಂ ಸಿನಿಮಾಗಳಲ್ಲಿ ಲಾಟರಿ ಯಾಕೆ ಅಷ್ಟೊಂದು? ಬಹುಮಾನದ ಮೊತ್ತ ಮಾತ್ರ ಬದಲಾಗುತ್ತಾ ಹೋಗುತ್ತದೆ.
– ಓದುಗರು, ಕಾಸರಗೋಡು ಪೇಟೆ

ಇಲ್ಲಿ ಕೇರಳದಲ್ಲಿ ಸರಕಾರವೇ ಲಾಟರಿ ನಡೆಸುತ್ತದೆ, ಅದಕ್ಕೆ. 1967ರಲ್ಲಿ ಶುರುವಾಯಿತು. ಟಿಕೆಟಿಗೆ ಒಂದು ರೂಪಾಯಿ, ಮೊದಲ ಬಹುಮಾನ 50,000. ಮೊದಲ ಡ್ರಾ 1968ರ ಜನವರಿ 26ಕ್ಕೆ. ಈ 50,000 ಎಲ್ಲೋ ಕೇಳಿದ ಹಾಗಿದೆ ಅಲ್ವಾ? 1975ರ 'ಶೋಲೆ'ಯಲ್ಲಿ ಗಬ್ಬರ್ ಸಿಂಗನ ತಲೆಗೆ ಸರಕಾರ ಇಟ್ಟ ಬೆಲೆಯೂ ಅಷ್ಟೇ. ನಮ್ಮ ರಾಮನಗರದ ಬಂಡೆಗಳ ಮೇಲೆ ನಿಂತು ಅವನು ಆ ಮೊತ್ತವನ್ನು ಜಂಬದಿಂದ ಹೇಳಿಸಿಕೊಳ್ಳುತ್ತಾನೆ. ಆಗ ಥಿಯೇಟರಿನಲ್ಲಿ ಕೂತವನಿಗೆ ಅದು ಒಂದು ಜನ್ಮಕ್ಕೆ ಸಾಕಾಗುವ ದುಡ್ಡು. ಈಗ ನನ್ನ ಮೊಮ್ಮಗ ಆ ದೃಶ್ಯ ನೋಡಿ, "ಅಜ್ಜ, ಇಷ್ಟೇನಾ? ಒಂದು ಫೋನಿನ ದುಡ್ಡು!" ಅಂದ. ಗಬ್ಬರ್ ಪಾಪ. 2022ರಿಂದ ಓಣಂ ಬಂಪರ್ 25 ಕೋಟಿ.

ಸಿನಿಮಾದ ಲಾಟರಿಯಲ್ಲಿ ಒಂದು ಸುಳ್ಳಿದೆ. ನಂಬರ್ ಓದುತ್ತಾ ಹೋಗುತ್ತಾರೆ, ಕೊನೆಯ ಅಂಕಿಯೂ ಸರಿಯಾಗುತ್ತದೆ, ಎಲ್ಲರೂ ಕುಣಿಯುತ್ತಾರೆ. ನಿಜದಲ್ಲಿ ನಂಬರಿನ ಮುಂದೆ ಸೀರೀಸ್ ಅಕ್ಷರ ಅಂತ ಒಂದು ಇರುತ್ತದೆ. ತೊಂಬತ್ತರ ದಶಕದಲ್ಲಿ ಒಬ್ಬರು ತೋಟದಿಂದ ಸೀದಾ ನಮ್ಮ ಕೌಂಟರಿಗೆ ಬಂದರು. ತಲೆಯ ಮುಟ್ಟಾಳೆ ತೆಗೆದರು. ಅದರೊಳಗೆ ಪ್ಲಾಸ್ಟಿಕ್ ತೊಟ್ಟೆ, ತೊಟ್ಟೆಯೊಳಗೆ ಪೇಪರ್ ತುಂಡು, ಅದರೊಳಗೆ ಟಿಕೆಟು. "ಕ್ಯಾಶಿಯರ್ರೇ, ಬಾಗಿಲು ಹಾಕಿಸಿ" ಎಂದರು ಪಿಸುಮಾತಿನಲ್ಲಿ. ನಂಬರ್ ನೋಡಿದೆ. ಒಂದೊಂದು ಅಂಕಿಯೂ ಸರಿ. ನನ್ನ ಕೈಯೂ ನಡುಗಿತು. ಆಮೇಲೆ ಅಕ್ಷರ ನೋಡಿದೆ. ಬೇರೆ. ಅದಕ್ಕೆ ಸಮಾಧಾನ ಬಹುಮಾನ ಅಂತ ಸಣ್ಣದೊಂದು ಸಿಗುತ್ತದೆ. ಹೇಗೆ ಹೇಳುವುದು? ಹೇಳಿದೆ. ಅವರು ಟಿಕೆಟನ್ನು ಮತ್ತೆ ಪೇಪರಿನಲ್ಲಿ ಸುತ್ತಿ, ತೊಟ್ಟೆಗೆ ಹಾಕಿ, ಮುಟ್ಟಾಳೆಯೊಳಗಿಟ್ಟು, "ಹಾಗಾದರೆ ಬಾಗಿಲು ತೆರೆದೇ ಇರಲಿ" ಎಂದು ಹೋದರು. ಈ ದೃಶ್ಯವನ್ನು ಯಾವ ಡೈರೆಕ್ಟರೂ ತೆಗೆದಿಲ್ಲ.

ಪ್ರಶ್ನೆ: ಶೂಟಿಂಗಿಗೆ ನಿಜವಾದ ನೋಟು ಬಳಸುತ್ತಾರಾ? ಸಿನಿಮಾದಲ್ಲಿ ಕ್ಯಾಶಿಯರ್ ಖೋಟಾನೋಟು ಹಿಡಿದ ಕೂಡಲೇ ಪೊಲೀಸರು ಬರುವುದು ನಿಜವಾ?
– ಓದುಗರು, ಕುಂಬಳೆ

ಹತ್ತಿರದಿಂದ ತೋರಿಸುವಾಗ ಮೇಲೊಂದು ಕೆಳಗೊಂದು ನಿಜದ್ದು, ನಡುವೆ ಬಿಳಿ ಕಾಗದ. ಇಲ್ಲದಿದ್ದರೆ 'ಚಿಲ್ಡ್ರನ್ ಬ್ಯಾಂಕ್' ಅಂತ ಅಚ್ಚು ಹಾಕಿದ ಆಟದ ನೋಟು. ನೋಟನ್ನು ಹೋಲುವ ಕಾಗದ ಅಚ್ಚು ಹಾಕುವುದೂ ಅಪರಾಧವೇ. ಹಳೇ ದಂಡಸಂಹಿತೆಯಲ್ಲಿ ಅದಕ್ಕೆ ದಂಡ ನೂರು ರೂಪಾಯಿವರೆಗೆ, ಈಗಿನ ನ್ಯಾಯ ಸಂಹಿತೆಯಲ್ಲಿ ಮುನ್ನೂರರವರೆಗೆ. ದಂಡಕ್ಕೂ ಬೆಲೆಯೇರಿಕೆ ತಟ್ಟಿದೆ ನೋಡಿ.

ಖೋಟಾನೋಟು ಬಂದರೆ ಕ್ಯಾಶಿಯರ್ ಅದರ ಮೇಲೆ ಸೀಲು ಹೊಡೆದು ಇಟ್ಟುಕೊಳ್ಳುತ್ತಾನೆ. ತಂದವರಿಗೆ ರಸೀದಿ ಕೊಡುತ್ತಾನೆ. ಒಂದೇ ಸಲಕ್ಕೆ ನಾಲ್ಕರವರೆಗೆ ಸಿಕ್ಕಿದರೆ ತಿಂಗಳ ಕೊನೆಗೆ ಪೊಲೀಸರಿಗೆ ಒಂದು ವರದಿ ಹೋಗುತ್ತದೆ. ಐದು ಅಥವಾ ಹೆಚ್ಚು ಸಿಕ್ಕಿದರೆ ಎಫ್‌ಐಆರ್. ಸೈರನ್ನು, ಓಟ, ಏನೂ ಇಲ್ಲ. ಕೌಂಟರಿನಲ್ಲಿ ಗೊತ್ತಾಗದೆ ಒಳಗೆ ಬಂದುಬಿಟ್ಟರೆ ಆ ನಷ್ಟ ಕ್ಯಾಶಿಯರನ ಸ್ವಂತ ಕಿಸೆಯಿಂದ. ನನಗೆ ಎರಡು ಸಲ ಆಗಿದೆ. ಎರಡೂ ಸಲ ಶನಿವಾರ, ಎರಡೂ ಐನೂರರದ್ದು.

ಇನ್ನೊಂದು ಮಾತು. ನಕಲಿ ನೋಟು ಸಿಕ್ಕಿದರೆ ನಾನು ಮೊದಲು ನೋಡುತ್ತಿದ್ದದ್ದು ಹಿಂಬದಿಯ ಭಾಷೆಗಳ ಪಟ್ಟಿ. ಹದಿನೈದು ಭಾಷೆ, ಕನ್ನಡ ನಾಲ್ಕನೆಯದ್ದು, ಮಲಯಾಳ ಏಳನೆಯದ್ದು. ನಕಲಿಯವರ ಕೈಯಲ್ಲಿ ಆ ಸಣ್ಣ ಅಕ್ಷರಗಳು ಕೆಲವೊಮ್ಮೆ ಕಲಸಿಹೋಗಿರುತ್ತಿದ್ದವು. ಇಲ್ಲಿ ಕಾಸರಗೋಡಿನಲ್ಲಿ ಬಸ್ಸಿನ ಬೋರ್ಡಿನಿಂದ ಆಫೀಸಿನ ಫಾರಂವರೆಗೆ ಕನ್ನಡಕ್ಕಾಗಿ ಅರ್ಜಿ ಹಾಕುತ್ತಲೇ ಇದ್ದೇವೆ. ಅರ್ಜಿ ಹಾಕದೆ ಸಿಕ್ಕಿದ ಸಾಲು ಅದೊಂದೇ. ಅದನ್ನೂ ತಪ್ಪಾಗಿ ಅಚ್ಚು ಹಾಕಿದರೆ ಸಿಟ್ಟು ಬರುವುದಿಲ್ವಾ?

ಪ್ರಶ್ನೆ: ಕಥೆಗಳಲ್ಲಿ ನಿಮಗೆ ಇಷ್ಟವಾದ ಬ್ಯಾಂಕಿನವರು ಯಾರು?
– ಓದುಗರು, ಅಡೂರು

ಬ್ಯಾಂಕಿನ ಒಳಗಿನವರು ಯಾರೂ ಅಲ್ಲ. ಬ್ಯಾಂಕಿನ ಎದುರು ಆಲದ ಮರದ ಕೆಳಗೆ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಕೂತ ಮಾರ್ಗಯ್ಯ. ಆರ್.ಕೆ. ನಾರಾಯಣರು 1952ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕಾದಂಬರಿಯವನು. 1983ರಲ್ಲಿ ನಾಗಾಭರಣ ಅದನ್ನು 'ಬ್ಯಾಂಕರ್ ಮಾರ್ಗಯ್ಯ' ಅಂತ ಸಿನಿಮಾ ಮಾಡಿದರು. ಲೋಕೇಶ್ ಮಾರ್ಗಯ್ಯ. ಅವನ ಮಗ ಲೆಕ್ಕದ ಪುಸ್ತಕವನ್ನು ಚರಂಡಿಗೆ ಎಸೆಯುವ ಜಾಗ ಬಂದಾಗ ನಾನು ಪುಸ್ತಕ ಮಡಚಿಟ್ಟು ನೀರು ಕುಡಿದು ಬಂದೆ. ಕೊಲೆ ಓದಿದರೂ ನನಗೆ ಹಾಗೆ ಆಗುವುದಿಲ್ಲ.

ಪ್ರಶ್ನೆ: ಮಾವ, ಇದನ್ನು ಬರೆಯುವಾಗ ನಿಮ್ಮ ಕಿಸೆಯಲ್ಲಿ ಎಷ್ಟಿದೆ?
– ಸುಮ್ನೆ ಕೇಳಿದವರು, ಸೀತಾಂಗೋಳಿ

ಐವತ್ತರ ಒಂದು ನೋಟು, ಹಂಪಿಯ ಕಲ್ಲಿನ ರಥ ಇರುವಂಥದ್ದು. ರೂಪಾಯಿಯ ನಾಣ್ಯ ಎರಡು. ಒಟ್ಟು 52. ಬೆಳಿಗ್ಗೆ ಮನೆಯವಳು ಕೊಟ್ಟದ್ದು 100. ಉಳಿದ 48ರ ಲೆಕ್ಕ ಅವಳು ಇನ್ನೂ ಕೇಳಿಲ್ಲ. ನೀವೂ ಕೇಳಬೇಡಿ.